ಎಡ ಅಂಚು

ಮೂರನೆಯ ದೂರು ಬಂದಾಗ ಕತ್ತರಿ ಅಕ್ಕನ ಬಲಗಾಲು ಹಗ್ಗದಲ್ಲಿ ನೇತಾಡುತ್ತಿತ್ತು.

‘ಇವತ್ತೇ ಆ ಮುಳ್ಳನ್ನು ಹೊರಗೆ ಹಾಕಿ. ಇಲ್ಲದಿದ್ದರೆ ಈ ಕೈ ಇನ್ನು ಕುಂಚ ಹಿಡಿಯುವುದಿಲ್ಲ.’ ಕೆಳಗೆ ಗುಬ್ಬಿಯ ಹೆಸರು.

ಅಕ್ಕ ಅದನ್ನು ಎರಡು ಸಲ ಓದಿದಳು. ಮೂವತ್ತು ವರ್ಷ ಏಣಿ ಹತ್ತಿ ಅಂಗಡಿಗಳ ಬೋರ್ಡು ಬರೆದವಳು ಅವಳು. ಎರಡು ತಿಂಗಳ ಹಿಂದೆ ಏಣಿ ಜಾರಿತು. ಅಂದಿನಿಂದ ಕಾಲಿಗೆ ಬೀಸುಕಲ್ಲಿನಷ್ಟು ಭಾರದ ಪ್ಲಾಸ್ಟರು, ಕಣ್ಣಿಗೆ ನಾಲ್ಕು ಗೋಡೆ, ಕೈಗೊಂದು ಫೋನು. ಆ ಫೋನಿನೊಳಗೆ ಚಿತ್ರ ಬರೆಯುವ ನಲವತ್ತು ಸಾವಿರ ಜನರ ಗುಂಪು. ಅದರ ಕಾವಲು ಇವಳದೇ. ಕೆಟ್ಟ ಮಾತು ಕಂಡರೆ ಕಚಕ್ಕನೆ ಕತ್ತರಿಸುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಕತ್ತರಿ ಅಕ್ಕ.

ನಿಯಮಗಳೂ ಅವಳವೇ. ಎರಡು ಮೆಚ್ಚುಗೆ ಹೇಳಿ ಆಮೇಲೆ ಒಂದು ಕೊಂಕು ತೆಗೆಯಬೇಕು. ಹೊಸಬರು ಚಿತ್ರದ ಕೆಳಗೆ ಎಲ್ಲರೆದುರೇ ಮಾತಾಡಬೇಕು. ಕಾವಲುಗಾರ್ತಿಗೆ ಗುಟ್ಟಾಗಿ ಬರೆಯುವ ಅವಕಾಶ ಆರು ತಿಂಗಳು ಹಳಬರಿಗೆ ಮಾತ್ರ. ಮೂರು ದೂರು ಬಂದರೆ ಬಾಗಿಲು ಬಂದ್.

ಗುಬ್ಬಿ ಗುಂಪಿನ ಕಣ್ಮಣಿ. ದಿನಾ ಸಂಜೆ ಏಳಕ್ಕೆ ಒಂದು ಚಿತ್ರ, ದಿನಾ ಅದೇ ಕಿಟಕಿ. ಬೀದಿಯಿಂದ ಕಂಡಂತೆ ಹಸಿರು ಸರಳು, ಡಬ್ಬದಲ್ಲೊಂದು ಗಿಡ, ಹಿಂದೆ ಪರದೆ. ನೋಡುತ್ತ ಕೂತರೆ ಆ ಪರದೆಯ ದೂಳಿಗೆ ನಮಗೇ ಸೀನು ಬರಬೇಕು, ಅಷ್ಟು ಜೀವ. ಜನ ಹೊಗಳಿದ್ದೇ ಹೊಗಳಿದ್ದು.

ಮುಳ್ಳು ಎಂಬ ಹೆಸರು ಗುಂಪಿಗೆ ಸೇರಿ ತಿಂಗಳಾಗಿರಲಿಲ್ಲ. ಮುಖವಿಲ್ಲ, ಸ್ವಂತ ಚಿತ್ರವಿಲ್ಲ. ಗುಬ್ಬಿಯ ಚಿತ್ರ ಬಿಟ್ಟರೆ ಬೇರೆ ಯಾರ ಚಿತ್ರದ ಕಡೆಗೂ ಹೋಗುವುದಿಲ್ಲ. ಬರುವುದು ಮಧ್ಯಾಹ್ನ ಮಾತ್ರ. ಒಡೆದ ಫೋನಿನಲ್ಲಿ ಒತ್ತಿದ ಹಾಗೆ ಅರ್ಧರ್ಧ ಅಕ್ಷರ.

‘ಬೀಗ ನೋಡಿ ಬೀಗ! ಹೊರಗಡೆ ಇಷ್ಟು ದೊಡ್ಡ ಬೀಗ ಯಾರಾದ್ರೂ ಹಾಕ್ತಾರಾ?’ ಇದು ಮೊದಲನೆಯದು.

‘ನಲವತ್ತೇಳರಲ್ಲಿ ಏಳು ಸೊಟ್ಟ. ನಂಬರು ಬರೆಯೋಕೂ ಬರಲ್ಲ.’ ಇದು ಎರಡನೆಯದು.

ಈಗ ಮೂರನೆಯದು: ‘ಹಿಂದೆ ಇರೋ ಗಿರಣಿ ಚಿಮಣಿ ಬಾಗಿದೆ. ಎಲ್ಲ ಎಡಗಡೆ ನೋಡಿ. ದಯವಿಟ್ಟು ನೋಡಿ.’

ಅಕ್ಕ ಚಿತ್ರಗಳನ್ನು ದೊಡ್ಡದು ಮಾಡಿ ಹುಡುಕಿದ್ದಳು. ಬೀಗವಿಲ್ಲ. ನಂಬರಿಲ್ಲ. ಚಿಮಣಿಯಿಲ್ಲ. ಬೀಗ ಹಾಗಿರಲಿ, ಬಾಗಿಲೇ ಇಲ್ಲ.

ಚಹಾ ತಂದ ನಾದಿನಿಗೆ ಫೋನು ತೋರಿಸಿದಳು. "ಇಲ್ಲದ ಬೀಗಕ್ಕೆ ಬೈತಾನಲ್ಲೇ! ಇವನಿಗಿರೋದು ಕಣ್ಣೋ ಗುಂಡೀನೋ?"

"ಕುಡ್ದಿರ್ಬೇಕು ಬಿಡಿ ಅತ್ತಿಗೆ."

"ಮಟಮಟ ಮಧ್ಯಾಹ್ನ?"

"ಕುಡಿಯೋರಿಗೆ ಗಡಿಯಾರ ಯಾಕೆ?" ನಾದಿನಿ ನಕ್ಕಳು. ಮತ್ತೆ ಫೋನಿನತ್ತ ಬಗ್ಗಿದಳು. "ಆದ್ರೂ ದಯವಿಟ್ಟು ಅಂದಿದಾನೆ. ಏನಪ್ಪಾ ನಿನ್ನ ಸಂಕಟ ಅಂತ ಒಂದ್ಮಾತು ಕೇಳ್ಬಾರ್ದಾ?"

"ಹೊಸಬರ ಹತ್ರ ಗುಟ್ಟು ಮಾತಿಲ್ಲ. ರೂಲು."

"ನಿಮ್ಮ ರೂಲೂ ನಿಮ್ಮ ಕಾಲಿನ ಹಾಗೇ. ಒಂದಿಂಚು ಅಲ್ಲಾಡಲ್ಲ."

"ಹೊಟ್ಟೆಕಿಚ್ಚು ಕಣೆ ಇದು. ತಾನು ಬರೆದಿದ್ರೆ ಹೀಗೆ ಬೈತಿದ್ನಾ? ಹೆತ್ತವರಿಗೆ ಹೆಗ್ಗಣ ಮುದ್ದು. ತನ್ನ ಚಿತ್ರಾನ ತಾನೇ ಬೈಕೊಂಡೋರನ್ನ ಎಲ್ಲಾದ್ರೂ ಕಂಡಿದೀಯಾ?"

ಅಕ್ಕನ ಅವಸರಕ್ಕೆ ಕಾರಣವಿತ್ತು. ಹೋದ ವರ್ಷ ಒಬ್ಬ ನರ್ಸಮ್ಮ ಕೈಗಳ ಚಿತ್ರ ಬರೆಯುತ್ತಿದ್ದಳು. ನಾಲ್ಕು ಜನ ಸೇರಿ ಆಕೆಯನ್ನು ಮಾತಿನಲ್ಲೇ ಹರಿದು ಹಂಚಿದರು. ನೋಡೋಣ, ನೋಡೋಣ ಎಂದು ಅಕ್ಕ ಎರಡು ದಿನ ಸುಮ್ಮನಿದ್ದಳು. ಮೂರನೆಯ ದಿನ ಮುರಿದ ಕುಂಚಗಳ ಫೋಟೋ ಬಂತು. ನರ್ಸಮ್ಮ ಮತ್ತೆ ಬರಲಿಲ್ಲ. ಆ ಫೋಟೋವನ್ನು ಅಕ್ಕ ಇನ್ನೂ ಅಳಿಸಿರಲಿಲ್ಲ. ಗುಬ್ಬಿಯನ್ನು ಮಾತ್ರ ಕಳೆದುಕೊಳ್ಳಲಾರಳು.

ಒತ್ತಿದಳು. ಮುಳ್ಳು ಹೋಯಿತು. ಅದರ ಮಾತುಗಳೂ ಅಳಿಸಿಹೋದವು. ಗುಂಪು ಗಂಗಾಳದ ನೀರಿನಂತೆ ತಣ್ಣಗಾಯಿತು.

ನೊಂದ ಜೀವಕ್ಕೆ ಸಮಾಧಾನವಾಗಲೆಂದು ಅಕ್ಕ ಒಂದು ಸಾಲು ಬರೆದಳು: ‘ಮುಳ್ಳನ್ನು ಕಿತ್ತಾಯಿತು. ಈ ತಿಂಗಳ ಮುಖಪುಟಕ್ಕೆ ನಿಮ್ಮದೇ ಚಿತ್ರ. ಮುಖಪುಟ ಅಗಲ, ಹಾಗಾಗಿ ಕಾಗದದ ತುದಿಯಿಂದ ತುದಿವರೆಗೂ ಬರುವ ಫೋಟೋ ಕಳಿಸಿ.’

ಹೊಗಳಿಕೆಯೆಂದರೆ ಗುಬ್ಬಿಯೂ ಆನೆಯಷ್ಟು ಉಬ್ಬುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಫೋಟೋ ಬಂತು. ಜೊತೆಗೆ ಎರಡು ಸಾಲು: ‘ತುಂಬಾ ಸಂತೋಷ. ಅವಳ ಚಿತ್ರಗಳೆಲ್ಲ ನನ್ನ ಹತ್ತಿರ ಭದ್ರವಾಗಿವೆ, ಯಾವುದು ಬೇಕಾದರೂ ಕೇಳಿ.’

"ಅವಳ ಅಂದ್ರೆ?" ನಾದಿನಿ ಕೇಳಿದಳು. "ಯಾರವಳು?"

 ಅಷ್ಟರಲ್ಲಿ ಅಕ್ಕ ಫೋಟೋ ತೆರೆದಿದ್ದಳು. ಅದೇ ಕಿಟಕಿ, ಅದೇ ಗಿಡ. ಆದರೆ ಎಡಗಡೆ, ಗುಂಪಿನಲ್ಲಿ ಯಾರೂ ಎಂದೂ ಕಾಣದ ನಾಲ್ಕು ಬೆರಳು ಅಗಲದ ಅಂಚು. ಅಲ್ಲೊಂದು ಬಾಗಿಲು. ಬಾಗಿಲಿಗೆ ಹೊರಗಿನಿಂದ ಮಗುವಿನ ತಲೆಯಷ್ಟು ದೊಡ್ಡ ಬೀಗ. ಮೇಲೆ ನಲವತ್ತೇಳು, ಒಂದೇ ಮೊಳೆಗೆ ಜೋತುಬಿದ್ದ ಏಳು ಸೊಟ್ಟ. ಮಾಡಿನ ಹಿಂದೆ ಬಾಗಿದ ಚಿಮಣಿ.

"ಅಯ್ಯೋ, ಮುಳ್ಳು ಹೇಳಿದ್ದೆಲ್ಲಾ ನಿಜ!" ನಾದಿನಿ ಬಾಯಿಗೆ ಕೈ ಹಿಡಿದಳು. "ಆದ್ರೆ ಅತ್ತಿಗೆ, ನಮಗ್ಯಾರಿಗೂ ಕಾಣದ್ದು ಅದಕ್ಕೆ ಹೇಗೆ ಕಂಡ್ತು?"

ಅಕ್ಕ ಮುಳ್ಳಿನ ಹೆಸರು ಒತ್ತಿದಳು. ‘ಇಂಥವರು ಯಾರೂ ಇಲ್ಲ.’ ಮತ್ತೆ ಒತ್ತಿದಳು. ಯಾರೂ ಇಲ್ಲ. ಮಂಚದಿಂದ ಇಳಿಯಲು ಹೋದಳು. ಹಗ್ಗ ಜಗ್ಗಿ ಕಾಲು ಅಲ್ಲೇ ನಿಂತಿತು.

"ಪೊಲೀಸರಿಗೆ ಫೋನ್ ಮಾಡೇ!"

"ಏನಂತ ಹೇಳ್ಲಿ?"

"ನಲವತ್ತೇಳು ಅನ್ನು. ಬಾಗಿದ ಚಿಮಣಿ ಅನ್ನು. ಬೇಗ!"

ಇವತ್ತಿನವರೆಗೆ ಆ ಅಂಚನ್ನು ಕಂಡಿದ್ದವರು ಈ ಭೂಮಿಯ ಮೇಲೆ ಇಬ್ಬರೇ: ಅದನ್ನು ದಿನಾ ಸಂಜೆ ಕತ್ತರಿಸಿ ಹಾಕುತ್ತಿದ್ದವನು, ಮತ್ತು ಆ ಬೀಗದ ಒಳಗೆ ಕೂತು ತನ್ನ ಚಿತ್ರವನ್ನು ತಾನೇ ಬೈಯುತ್ತಿದ್ದವಳು.