ಗೆರೆಯ ಹತ್ತಿರದ ಭಯ

ಪೋಲ್‌ವಾಲ್ಟ್‌ನ ಉದ್ದನೆಯ ಕೋಲು ಹಿಡಿದು ಚೆನ್ನಾಗಿಯೇ ಓಡಿಬಂದ ಪುಷ್ಪಲತಾ, ಜಿಗಿಯುವ ಗೆರೆ ಹತ್ತಿರವಾಗುತ್ತಿದ್ದಂತೆ ಮತ್ತೆ ವೇಗ ತಗ್ಗಿಸಿದಳು. ಜಿಗಿದಾಗ ಅಡ್ಡಪಟ್ಟಿ ಕಾಲಿಗೆ ತಾಗಿ ಕೆಳಗೆ ಬಿತ್ತು. ಗೆರೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದ ಕೋಚ್ ಶಿವನಂಜಪ್ಪ ಸಿಡಿದೆದ್ದರು.

"ಅಲ್ಲಿಂದ ಚಿರತೆ ಥರ ಬರ್ತೀಯ, ಇಲ್ಲಿಗೆ ಬಂದ್ಮೇಲೆ ಮದುವಣಗಿತ್ತಿ ಆಗ್ಬಿಡ್ತೀಯ. ಯಾರಿಗವ್ವ ನಾಚ್ಕೊತೀಯ?"

"ನಾಚಿಕೆ ಅಲ್ಲ ಸಾ."

"ಮತ್ತೆ ಭಯನಾ?"

"ಹೂಂ ಸಾ. ಯಾಕಂದ್ರೆ..."

"ಯಾಕಂದ್ರೆ ಗೀಕಂದ್ರೆ ಬೇಡ. ಭಯ ಇದ್ರೆ ಕೇರಂ ಆಡು ಹೋಗು. ನಾಳೆ ರಾಜ್ಯ ತಂಡದ ಆಯ್ಕೆ. ಹಿಂಗೇ ನಿಧಾನ ಮಾಡಿದ್ರೆ ವಾಪಸ್ ಬಸ್ ಹತ್ತೋದೇ. ಕೊನೇ ಹೆಜ್ಜೇಲೇ ಜೋರು ಬೇಕು. ಕೈ ಮೇಲೆ, ಕಾಲು ಗೆರೆ ಮೇಲೆ. ಓಡು ಇನ್ನೊಂದ್ಸಲ."

ಸಂಜೆಯವರೆಗೂ ಓಡಿಸಿದರು, ಸಂಜೆಯವರೆಗೂ ಬೈದರು. ಹುಡುಗಿ ಸರಿಹೋಗಲಿಲ್ಲ.

ಮರುದಿನ ಆಯ್ಕೆಗಾರರು ಕೋಚ್‌ಗಳನ್ನೆಲ್ಲ ಬೇಲಿಯಾಚೆ ಕೂರಿಸಿದರು. ಶಿವನಂಜಪ್ಪ ಉಗುರು ಕಚ್ಚುತ್ತ ನೋಡಿದರು. ಪುಷ್ಪಲತಾ ಕೊನೆಯ ಹೆಜ್ಜೆಗಳಲ್ಲಿ ಇನ್ನಷ್ಟು ಜೋರಾಗಿ ಓಡಿ, ಸರಿಯಾಗಿ ಗೆರೆಯ ಮೇಲೆ ಕಾಲೂರಿ ಚಿಮ್ಮಿದಳು. ಪಟ್ಟಿಗೂ ಅವಳಿಗೂ ನಡುವೆ ಒಂದು ಮೊಳ ಅಂತರವಿತ್ತು. ತಂಡಕ್ಕೆ ಆಯ್ಕೆಯಾದಳು.

"ನೋಡಿದ್ಯಾ ನನ್ನ ಬೈಗುಳದ ಮಹಿಮೆ," ಎಂದು ಶಿವನಂಜಪ್ಪ ಮೀಸೆ ತಿರುವಿದರು. "ಭಯ ಹೆಂಗೆ ಓಡೋಯ್ತು?"

"ಇವತ್ತು ನೀವು ಬೇಲಿಯಾಚೆ ಇದ್ರಲ್ಲ ಸಾ. ದಿನಾ ನನ್ನ ಕಾಲು ನೋಡೋಕೆ ಅಂತ ದಾರಿಗೇ ತಲೆ ಚಾಚ್ತಿದ್ರಿ. ಕೋಲು ಎಲ್ಲಿ ನಿಮ್ಮ ಬುರುಡೆಗೆ ಬಡಿಯುತ್ತೋ ಅಂತ ಭಯ ಆಗ್ತಿತ್ತು."