ಕೊನೆಯ ಹಾಡಿಗೆ ಬೀಳುವವನು

ಲಿಪ್‌ಸ್ಟಿಕ್ಕು, ಮಿನುಗುವ ಬಿಗಿ ಪ್ಯಾಂಟುಗಳ ಹಳೆಯ ರಾಕ್ ಬ್ಯಾಂಡು ಮತ್ತೆ ಒಂದಾಗಿತ್ತು.

"ಸರ್, ಜನ ಬರೋದು ನಿಮ್ಮ ಹಾಡಿಗಲ್ಲ. ಕುಡಿದು ಸ್ಟೇಜ್ ಮೇಲೆ ಬೀಳ್ತಿದ್ರಲ್ಲ, ಅದನ್ನ ನೋಡೋಕೆ," ಎಂದಿದ್ದ ಆಯೋಜಕ.

ಗಾಯಕ ಕುಡಿತ ಬಿಟ್ಟು ವರ್ಷಗಳೇ ಆಗಿದ್ದವು.

ಡ್ರಮ್ಮರ್ ಗೆಳೆಯ ಖಾಲಿ ವಿಸ್ಕಿ ಬಾಟಲಿಗೆ ಹಾಲಿಲ್ಲದ ಚಹಾ ತುಂಬಿಕೊಟ್ಟ. "ಸುಮ್ನೆ ನಾಟಕ ಆಡು ಮಗಾ. ಅಷ್ಟು ದೂರದಿಂದ ಯಾರಿಗ್ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತಲ್ಲ," ಎಂದ ಗಾಯಕ, ಕಣ್ಣಿಗೆ ಕಾಡಿಗೆ ತೀಡುತ್ತ.

ಕೈಯಲ್ಲಿದ್ದ ವಿಸ್ಕಿ ಬಾಟಲಿಯಿಂದ ಹಾಡಿಗೊಂದು ಗುಟುಕು ಏರಿಸುತ್ತ ಬಂದವನು ಕೊನೆಯ ಹಾಡಿಗೆ ತೂರಾಡಿ, ಮೈಕಿನ ಸಮೇತ ಬಿದ್ದ. ಜನ ಹುಚ್ಚೆದ್ದು "ಒನ್ಸ್ ಮೋರ್" ಎಂದು ಕೂಗಿದರು.

"ಏನ್ ಆಕ್ಟಿಂಗ್ ಸಾರ್ ಅವರದು!" ಆಯೋಜಕ ಡ್ರಮ್ಮರನನ್ನು ತಬ್ಬಿಕೊಂಡ.

ಡ್ರಮ್ಮರ್ ನಗುತ್ತಲೇ ಗೆಳೆಯನ ಅಂಗಿ ತರಲು ಗ್ರೀನ್ ರೂಮಿಗೆ ಹೋದ. ತಾನು ತುಂಬಿಕೊಟ್ಟಿದ್ದ ಚಹಾದ ಬಾಟಲಿ ಕನ್ನಡಿಯ ಮುಂದೆ ಮುಚ್ಚಳವನ್ನೂ ತೆರೆಯದೆ ಹಾಗೇ ನಿಂತಿತ್ತು.