ತಿನ್ನುವ ಹೊದಿಕೆ

ನೀದಿಯಾ ಸೀಬೆ ಮಿಠಾಯಿ ಅಗಿಯುತ್ತಿದ್ದಳು. ಪ್ರಯೋಗಾಲಯದವರೆಲ್ಲ ಅವಳ ಬಾಯನ್ನೇ ನೋಡುತ್ತಿದ್ದರು. ವೆಲೆಸ್ ಊರಿನವರು ತಲೆತಲಾಂತರದಿಂದ ಸುತ್ತಿದ ಎಲೆ ಬಿಚ್ಚಿ ತಿನ್ನುತ್ತ ಬಂದ ಆ ಮಿಠಾಯಿಗೆ, ಅವಳ ಸಹೋದ್ಯೋಗಿ ಯೊಲಿಮಾ ಎಲೆಯ ಬದಲು ಮರಗೆಣಸಿನ ಹಿಟ್ಟು, ಲವಂಗದೆಣ್ಣೆ ಬೆರೆಸಿ ತೆಳು ಹೊದಿಕೆ ಮಾಡಿದ್ದಳು. ಅದನ್ನೂ ಸೇರಿಸಿಯೇ ತಿನ್ನಬಹುದು. ಈ ಮೊದಲು ನೀದಿಯಾ ಮಾಡಿದ್ದ ಹೊದಿಕೆ ಬೂಷ್ಟು ಹಿಡಿದು ತಿಪ್ಪೆ ಸೇರಿತ್ತು. ಇದಕ್ಕೆ ಬೂಷ್ಟಿನ ಒಂದು ಚುಕ್ಕೆಯೂ ಬಂದಿರಲಿಲ್ಲ. ಅದಕ್ಕೇ ನೀದಿಯಾಗೆ ಹೊಟ್ಟೆಕಿಚ್ಚು.

“ಹೊದಿಕೆ ಹೇಗಿದೆ, ಹೇಳೇ,” ಎಂದಳು ಯೊಲಿಮಾ.

“ಬರೀ ಕಹಿ ಕಣೇ. ನಾಲಿಗೆಯೆಲ್ಲ ಚುರುಗುಟ್ತಿದೆ. ಇದನ್ನ ನಾಯೀನೂ ಮೂಸಿ ನೋಡಲ್ಲ.”

ಯೊಲಿಮಾ ಕೋಪಿಸಿಕೊಳ್ಳಲಿಲ್ಲ. “ಎಲ್ಲಿ, ನಿನ್ನ ಎಡಗೈ ಬಿಡಿಸು.”

ನೀದಿಯಾ ಬೆರಳು ಬಿಡಿಸಿದಳು. ಗೊತ್ತಿಲ್ಲದೆಯೇ ರೂಢಿಯಂತೆ ಬಿಚ್ಚಿದ್ದ ಹೊದಿಕೆ, ಇಡಿಯಾಗಿ, ಅಂಗೈಯಲ್ಲಿ ಮುದುಡಿ ಕೂತಿತ್ತು.